ಪೆಟ್ಟಿಗೆಯೊಳಗಿನ ರಂಗಸ್ಥಳ

ಕಳೆದ ಆಷಾಢದ ಒಂದು ಅಪರಾಹ್ನ. ದೇಲಂಪಾಡಿಯ ಮಳೆಯನ್ನು ಬಲ್ಲವರಿಗೆ ಅದರ ವರ್ಣನೆ ಬೇಕಾಗಿಲ್ಲ. ಪಯಸ್ವಿನಿ ಕೆಂಪಾಗಿ ಹರಿಯುತ್ತಿತ್ತು. ಕರೆಂಟು ಹೋಗಿ ಎರಡು ದಿನಗಳಾಗಿದ್ದವು. ಮೊಬೈಲಿನ ಬ್ಯಾಟರಿ ಮುಗಿದ ಮೊಮ್ಮಗ ಜಗಲಿಯ ಉದ್ದಕ್ಕೂ ಅತ್ತಿಂದಿತ್ತ ತಿರುಗುತ್ತಿದ್ದ. ಅವನನ್ನು ಒಂದೆಡೆ ಕೂರಿಸುವ ಉಪಾಯವಾಗಿ ಅಟ್ಟದಿಂದ ತಗಡಿನ ಪೆಟ್ಟಿಗೆಯೊಂದನ್ನು ಇಳಿಸಿದೆ. ಅದರೊಳಗೆ, ನಾನು ಅವನ ವಯಸ್ಸಿನಲ್ಲಿದ್ದಾಗ ಹೊಂಗಾರೆ ಮರದಲ್ಲಿ ತಲೆ ಕೆತ್ತಿ, ಅಡಿಕೆಯ ಹಾಳೆಯಲ್ಲಿ ಕಿರೀಟ ಕತ್ತರಿಸಿ ಮಾಡಿದ ಬೊಂಬೆಗಳಿದ್ದವು. ಹುಳ ತಿಂದು ಉಳಿದದ್ದು ಮೂರು. ಒಬ್ಬ ಕೃಷ್ಣ, ಮೂಗು ಹಾರಿಹೋದ ಒಬ್ಬ ರಕ್ಕಸ, ಒಂದು ರೆಕ್ಕೆಯ ಗರುಡ.

"ಅಜ್ಜಾ, ಇದು ಪಾವಯಾ?" ಎಂದು ಹುಡುಗ ಕೇಳಿದ.

ಗೆಳೆಯರ ಮಾತು, ಬಸ್ಸಿನ ಮಾತು, ಟಿವಿಯ ಮಾತು ಎಲ್ಲವೂ ಮಲೆಯಾಳವಾಗಿರುವ ಹುಡುಗ. 'ಬೊಂಬೆ ಎನ್ನಬೇಕು ಮಗಾ' ಎಂದು ತಿದ್ದಲು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಒಂದು ಸಂಗತಿ ನೆನಪಾಗಿ ಸುಮ್ಮನಾದೆ. ಮಲೆಯಾಳದ 'ಪಾವ', ತಮಿಳಿನ 'ಪಾವೈ', ನಮ್ಮ 'ಪಾಪೆ' ಒಂದೇ ಕುಲದ ಮಾತುಗಳು. ಕಣ್ಣಪಾಪೆ ಎನ್ನುತ್ತೇವಲ್ಲ, ಅದೇ ಪಾಪೆ. ಎದುರು ನಿಂತವನ ಕಣ್ಣಿನ ಕರಿಯಲ್ಲಿ ನಮ್ಮದೇ ರೂಪ ಬೆರಳುಗುರಿಗಿಂತ ಕಿರಿದಾಗಿ ತೋರುತ್ತದೆ. ಬೊಂಬೆಗೂ ಕಣ್ಣಿನ ಆ ಭಾಗಕ್ಕೂ ಹಿರಿಯರು ಒಂದೇ ಹೆಸರಿಟ್ಟದ್ದು ಇದನ್ನು ಕಂಡೇ ಇರಬೇಕು.

ಅಂದು ನಮಗೆ ಬೊಂಬೆಯಾಟವನ್ನು ಕಲಿಸಿದವರು ಯಾರೂ ಇರಲಿಲ್ಲ. ಯಕ್ಷಗಾನವಾದರೋ ಗಾಳಿಯಲ್ಲೇ ಇತ್ತು. ಕೀರಿಕ್ಕಾಡು ಮಾಸ್ತರ್ ವಿಷ್ಣು ಭಟ್ಟರು ಕಟ್ಟಿದ ಬನಾರಿಯ ಗೋಪಾಲಕೃಷ್ಣ ಯಕ್ಷಗಾನ ಕಲಾ ಸಂಘದ ಊರು ಇದು. ತಾಳಮದ್ದಳೆ ಕೇಳುತ್ತ ನಿದ್ದೆ ಹೋಗಿ, ಪುನಃ ಎದ್ದು, ಉಳಿದರ್ಧವನ್ನು ಕೇಳಿ ಬೆಳೆದವರು ನಾವು. ಮೇಳದ ವೇಷವನ್ನು ನಾವು ಹಾಕುವಂತಿಲ್ಲ, ಚೆಂಡೆಯನ್ನು ಮುಟ್ಟುವಂತಿಲ್ಲ. ಹಾಗಾಗಿ ಇಡೀ ಮೇಳವನ್ನೇ ನಮ್ಮ ಅಳತೆಗೆ ಇಳಿಸಿಕೊಂಡೆವು. ಮಣೆಯೊಂದು ರಂಗಸ್ಥಳ, ಅಮ್ಮನ ಹಳೆಯ ಸೀರೆ ತೆರೆ, ಚಿಮಿಣಿ ದೀಪವೇ ಗ್ಯಾಸ್‌ಲೈಟು. ಭಾಗವತನೂ ನಾನೇ, ನರಕಾಸುರನೂ ನಾನೇ. ತಮ್ಮ ಡಬ್ಬ ಬಡಿಯುತ್ತಿದ್ದ. ಪ್ರೇಕ್ಷಕರಾಗಿ ಅಜ್ಜಿ ಮತ್ತು ಬೆಕ್ಕು.

ಬೊಂಬೆ ಆಡಿಸುವುದಕ್ಕಿಂತ ಬೊಂಬೆ ಮಾಡುವುದರಲ್ಲೇ ಹೆಚ್ಚು ಸುಖವಿತ್ತೋ ಏನೋ ಎಂದು ಈಗ ಕೆಲವೊಮ್ಮೆ ಅನ್ನಿಸುವುದುಂಟು. ಹೀಗೆ ಅನ್ನಿಸಿದ್ದು ನನಗೊಬ್ಬನಿಗೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಾಗದದ ಆಟಿಕೆ ರಂಗಭೂಮಿ ಮನೆಮನೆಯ ಹುಚ್ಚಾಗಿತ್ತು. ಪೇಟೆಯ ನಾಟಕಗಳ ಪಾತ್ರಗಳನ್ನೂ ಪರದೆಗಳನ್ನೂ ಹಾಳೆಯ ಮೇಲೆ ಅಚ್ಚು ಹಾಕಿ ಮಾರುತ್ತಿದ್ದರು. ಬಣ್ಣವಿಲ್ಲದ ಹಾಳೆಗೆ ಒಂದು ಪೆನ್ನಿ, ಬಣ್ಣದ್ದಕ್ಕೆ ಎರಡು. ಮಕ್ಕಳು ಅದನ್ನು ರಟ್ಟಿಗೆ ಅಂಟಿಸಿ, ಕತ್ತರಿಸಿ, ಮೇಜಿನ ಮೇಲೆ ನಾಟಕ ಆಡುತ್ತಿದ್ದರು. ಬಾಲ್ಯದಲ್ಲಿ ಈ ಹಾಳೆಗಳಿಗೆ ಮರುಳಾಗಿದ್ದ ಕಾದಂಬರಿಕಾರ ಸ್ಟೀವನ್‌ಸನ್ 1884ರಲ್ಲಿ ಅವುಗಳ ಕುರಿತು ಒಂದು ಪ್ರಬಂಧವನ್ನೇ ಬರೆದರು. ಕೊಳ್ಳುವ ಆಸೆ, ಬಣ್ಣ ತುಂಬುವ ಸಂಭ್ರಮ ಇಷ್ಟರಲ್ಲೇ ಸೊಗಸೆಲ್ಲ ಮುಗಿಯುತ್ತಿತ್ತು, ಆಡಿಸುವ ಹೊತ್ತಿಗೆ ಬೇಸರ ಬರುತ್ತಿತ್ತು ಎಂಬುದು ಅವರ ಅಭಿಪ್ರಾಯ. ಇದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಅಲ್ಲಿನ ಮಕ್ಕಳ ಕೈಯಲ್ಲಿದ್ದುದು ಅಂಗಡಿಯಿಂದ ತಂದ ಅಚ್ಚಿನ ಮಾತು. ನಮ್ಮಲ್ಲಿ ಪ್ರಸಂಗದ ಪದ್ಯ ಮಾತ್ರ ಸಿದ್ಧವಾದದ್ದು. ಅರ್ಥವನ್ನು ಆ ಕ್ಷಣಕ್ಕೆ ನಾವೇ ಹುಟ್ಟಿಸಬೇಕು. ಇಂದಿನ ನರಕಾಸುರ ನಿನ್ನೆಯವನಲ್ಲ. ಹಾಗಿರುವಾಗ ಬೇಸರ ಬರುವುದು ಹೇಗೆ?

ನಾವು ಆಟಿಕೆಯಾಗಿ ಮಾಡಿದ್ದನ್ನು ಶಾಸ್ತ್ರವಾಗಿ ಮಾಡಿದವರು ಹತ್ತಿರದಲ್ಲೇ ಇದ್ದಾರೆ. ಬಡಗುತಿಟ್ಟಿನ ಬೊಂಬೆಯಾಟಕ್ಕೆ ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಕಾಮತ್ ಮನೆತನ ತಲೆಮಾರುಗಳಿಂದ ಹೆಸರಾದದ್ದು. ಕೊಗ್ಗ ಕಾಮತರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಸಂದಿತ್ತು. ತೆಂಕುತಿಟ್ಟಿನಲ್ಲಿ ಆ ಕೆಲಸವನ್ನು ಹೊತ್ತದ್ದು ನಮ್ಮ ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ. ಕೆ. ವಿ. ರಮೇಶರ ನೇತೃತ್ವದಲ್ಲಿ 1981ರಲ್ಲಿ ಆರಂಭವಾದ ಸಂಘವಿದು. ಅವರ ಬೊಂಬೆಗಳ ಎತ್ತರ ಒಂದೂವರೆ ಅಡಿಯಷ್ಟು. ಆ ಒಂದೂವರೆ ಅಡಿಯಲ್ಲಿ ಕಿರೀಟವೂ ಭುಜಕೀರ್ತಿಯೂ ಎದೆಪದಕವೂ, ಬಣ್ಣದ ವೇಷಕ್ಕೆ ಚುಟ್ಟಿಯೂ ಕೂಡಬೇಕು. ತಲೆಗೆ, ಕೈಗೆ, ಕಾಲಿಗೆ ಕಟ್ಟಿದ ದಾರಗಳ ಮೂಲಕ ಧಿಗಿಣವೂ ಬರಬೇಕು. ಸೂತ್ರ ಹಿಡಿದವನಿಗೆ ಕುಣಿತ ಗೊತ್ತಿಲ್ಲದಿದ್ದರೆ ಬೊಂಬೆ ಕುಣಿಯದು, ಬರೇ ತೂಗಾಡೀತು.

ಅವರ 'ನರಕಾಸುರ ವಧೆ - ಗರುಡ ಗರ್ವಭಂಗ' ಪ್ರದರ್ಶನ ಪ್ರಸಿದ್ಧವಾದದ್ದು. ಆ ಪ್ರಸಂಗದ ಆಯ್ಕೆಯಲ್ಲೇ ಒಂದು ಜಾಣ್ಮೆಯಿದೆ. ಮೇಳದಲ್ಲಿ ಗರುಡನಾಗಿ ಬರುವ ಕಲಾವಿದ ಎಷ್ಟೇ ಸಮರ್ಥನಿರಲಿ, ಅವನು ನೆಲದ ಮೇಲೆಯೇ ಇರುತ್ತಾನೆ. ಹಾರಿದನೆಂದು ನಾವು ನಂಬಿಕೊಳ್ಳುತ್ತೇವೆ. ಬೊಂಬೆಯ ಗರುಡನಾದರೋ ನಿಜಕ್ಕೂ ನೆಲ ಬಿಟ್ಟೇಳುತ್ತಾನೆ. ಉಳಿದೆಲ್ಲ ವಿಷಯಗಳಲ್ಲಿ ನಾವು ಬೊಂಬೆಯನ್ನು ಮನುಷ್ಯನೆಂದು ನಂಬಿಕೊಳ್ಳಬೇಕು: ಕದಲದ ತುಟಿಗಳಿಂದ ಮಾತು ಬಂದಿತೆಂದು, ಬಣ್ಣದ ಕಣ್ಣು ಕೆರಳಿತೆಂದು. ನೋಡುವವನು ಅಷ್ಟು ಕೆಲಸ ಮಾಡಿದ ಮೇಲೆ ಆಟ ಅವನದೂ ಆಗಿಬಿಡುತ್ತದೆ. ಮುದ್ದಾಗಿದೆ, ಚಿಕ್ಕದಾಗಿದೆ ಎಂಬುದಕ್ಕಾಗಿ ಬೊಂಬೆಯಾಟವನ್ನು ಮೆಚ್ಚುವವರು ಅರ್ಧ ದಾರಿಯಲ್ಲೇ ನಿಂತವರು.

ಇದನ್ನು ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಊರಿನ ದೊಡ್ಡ ಸಭಾಂಗಣದಲ್ಲಿ ಬೊಂಬೆಯಾಟ ನೋಡುವ ಯೋಗ ಒದಗಿತ್ತು. ಭಾಷಣಗಳೆಲ್ಲ ಮುಗಿದ ಮೇಲೆ ಉಳಿದ ಅರ್ಧ ಗಂಟೆಯನ್ನು ಅದಕ್ಕೆ ಕೊಟ್ಟಿದ್ದರು. ನನ್ನ ಆಸನ ಇಪ್ಪತ್ತನೆಯ ಸಾಲಿನಲ್ಲಿತ್ತು. ಅಲ್ಲಿಂದ ಕೃಷ್ಣನಿಗೂ ಸತ್ಯಭಾಮೆಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಪಕ್ಕದ ದೊಡ್ಡ ಪರದೆಯಲ್ಲಿ ಬೊಂಬೆಗಳನ್ನು ಆಳೆತ್ತರಕ್ಕೆ ಹಿಗ್ಗಿಸಿ ತೋರಿಸುತ್ತಿದ್ದರು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಸನ್ಮಾನದ ಶಾಲು ಕಲಾವಿದರಿಗೆ ಸಂದಿತು ನಿಜ. ಆದರೆ ಐವತ್ತು ಜನರ ಎದುರು, ಕೈಚಾಚಿದರೆ ತಾಗುವಷ್ಟು ಹತ್ತಿರದಲ್ಲಿ ಬದುಕುವ ಕಲೆಯನ್ನು ಸಾವಿರ ಜನರ ಎದುರು ನಿಲ್ಲಿಸುವುದು ಅದಕ್ಕೆ ಮಾಡುವ ಉಪಕಾರವಲ್ಲ. ನಮ್ಮ ಊರುಗಳ ಶಾಲೆಯ ಕೋಣೆ, ಭಜನಾಮಂದಿರ, ಮನೆಯ ಚಾವಡಿ ಇವೇ ಅದರ ನಿಜವಾದ ಥಿಯೇಟರು. ಮಳೆಗಾಲದಲ್ಲಿ ಮನೆಮನೆಗೆ ಬರುವ ಚಿಕ್ಕಮೇಳವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೇರಳದಲ್ಲೇ ಇದಕ್ಕೊಂದು ಮೇಲ್ಪಂಕ್ತಿಯಿದೆ. ಪಾಲಕ್ಕಾಡಿನ ಪರುತ್ತಿಪ್ಪುಳ್ಳಿಯ ಕೆಲವು ಮನೆತನಗಳು ಕಥಕಳಿಯ ವೇಷಗಳನ್ನು ಕೈಗವಸಿನ ಬೊಂಬೆಗಳಿಗೆ ತೊಡಿಸಿ ಮನೆಯಂಗಳಗಳಲ್ಲಿ ಆಡಿಸುತ್ತಿದ್ದವು. ಬಹುಮಟ್ಟಿಗೆ ಅಳಿದುಹೋಗಿದ್ದ ಆ ಪಾವಕಥಕಳಿಗೆ ಇರಿಂಞಾಲಕುಡದ ನಟನಕೈರಳಿಯ ಜಿ. ವೇಣು 1980ರ ದಶಕದಲ್ಲಿ ಮರುಜೀವ ಕೊಟ್ಟರು. ಆಡಿಸುವವರು ತೆರೆಯ ಮರೆಯಲ್ಲಿ ಅಡಗುವುದಿಲ್ಲ. ದೀಪದೆದುರು ಕುಳಿತು, ಬೊಂಬೆಯ ಭಾವವನ್ನು ತಮ್ಮ ಮುಖದಲ್ಲೂ ತಂದುಕೊಂಡು ಆಡಿಸುತ್ತಾರೆ. ಅವರ ಕಥಕಳಿಗೆ ರಾಜ್ಯವೇ ಬೆನ್ನಿಗಿದೆ. 1956ರ ನಂತರ ಗಡಿಯ ಈಚೆ ಉಳಿದ ನಮ್ಮ ಆಟಕ್ಕೆ ಊರವರೇ ರಾಜ್ಯ. ಅಷ್ಟಿದ್ದರೂ ಅವರಿಗೆ ಅದನ್ನು ಉಳಿಸಲು ಕೈಗವಸಿನಷ್ಟು ಚಿಕ್ಕದಾದ ರೂಪ ಬೇಕಾಯಿತು. ಒಂದು ಮೇಳ ತಿರುಗಾಟಕ್ಕೆ ಹೊರಡಬೇಕಾದರೆ ಎಷ್ಟು ಜನ, ಎಷ್ಟು ಹಣ ಎಂಬುದನ್ನು ಬಲ್ಲೆವು. ಬೊಂಬೆಯ ಮೇಳ ಒಂದು ಜೀಪಿನಲ್ಲಿ ಹಿಡಿಯುತ್ತದೆ.

ಇರಲಿ, ಆ ಮಳೆಯ ಅಪರಾಹ್ನಕ್ಕೆ ಮರಳುತ್ತೇನೆ. ದಾರ ಕಟ್ಟಿ, ಒಂದೇ ರೆಕ್ಕೆಯ ಗರುಡನನ್ನು ಮಣೆಯ ಮೇಲಿನಿಂದ ಎಬ್ಬಿಸಿದೆ. ಹುಡುಗನ ಕಣ್ಣು ಅರಳಿತು. "ನನಗೆ ಕೊಡಿ" ಎಂದ. ಕೊಟ್ಟೆ. ಎರಡು ಸುತ್ತು ಹಾರಿಸಿದ ಮೇಲೆ ಅವನಿಗೆ ಒಂದು ಸಂಕಟ ಎದುರಾಯಿತು. ಗರುಡ ಬಂದು ಇಳಿದಾಯಿತು, ಎದುರಿಗೆ ಕೃಷ್ಣ ನಿಂತಿದ್ದಾನೆ, ಈಗ ಮಾತಾಡಬೇಕು. ಬೊಂಬೆ ತಾನಾಗಿ ಮಾತಾಡುವುದಿಲ್ಲ.

ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಲೆಯಾಡಿಸಿಯೋ ಮಲೆಯಾಳದಲ್ಲಿಯೋ ಉತ್ತರಿಸುವವನು ಅವನು. ಅದಕ್ಕಾಗಿ ನಾನೂ ಅವನ ಅಪ್ಪನೂ ಎಷ್ಟೋ ಸಲ ಗದರಿದ್ದೇವೆ, ಫಲ ಸಿಕ್ಕಿಲ್ಲ. ಈಗ ಅವನೇ ತಿರುಗಿ, "ಅಜ್ಜಾ, ಗರುಡ ಕೃಷ್ಣನಿಗೆ ಏನೆಂದು ಹೇಳುತ್ತಾನೆ?" ಎಂದು ಕೇಳಿದ.

"ಸ್ವಾಮಿ ಎನ್ನುತ್ತಾನೆ."

"ಮತ್ತೆ?"

"ಮತ್ತೆ ಏನು ಹೇಳಬೇಕೆಂದು ನೀನೇ ಯೋಚಿಸು. ಅವನಿಗೆ ತನ್ನ ಬಲದ ಬಗ್ಗೆ ಬಹಳ ಜಂಬ."

ಹುಡುಗ ಸ್ವಲ್ಪ ಹೊತ್ತು ಮಾಡಿನ ನೀರನ್ನೇ ನೋಡುತ್ತ ಕುಳಿತ. ಆಮೇಲೆ ಗಂಟಲನ್ನು ದಪ್ಪ ಮಾಡಿಕೊಂಡು, ತಡೆದು ತಡೆದು, "ಸ್ವಾಮೀ, ನಾನು ಇಲ್ಲದಿದ್ದರೆ ನೀವು ನಡೆದುಕೊಂಡೇ ಹೋಗಬೇಕಲ್ಲವೇ?" ಎಂದ.

ಐವತ್ತು ವರ್ಷಗಳಿಂದ ಎಷ್ಟೋ ಅರ್ಥಧಾರಿಗಳ ಗರುಡನನ್ನು ಕೇಳಿದ್ದೇನೆ. ಇಷ್ಟು ನೇರವಾಗಿ ಯಾವ ಗರುಡನೂ ಮಾತಾಡಿದ್ದು ನೆನಪಿಲ್ಲ. ಒಳಗಿನಿಂದ ಅವನ ಅಮ್ಮ ನಕ್ಕದ್ದು ಕೇಳಿಸಿತು.

ಕೃಷ್ಣನ ಉತ್ತರ ನನ್ನ ಪಾಲಿಗೆ ಬಂತು, ಏನೋ ಹೇಳಿದೆ. ಅಷ್ಟರಲ್ಲಿ ಕರೆಂಟು ಬಂತು, ಮೊಬೈಲು ಚಾರ್ಜಿಗೆ ಹೋಯಿತು. ಆದರೆ ಸಂಜೆ ಮಳೆ ಸ್ವಲ್ಪ ಬಿಟ್ಟಾಗ ತೋಟದ ಕಡೆಯಿಂದ ಹುಡುಗ ಒಂದು ಒದ್ದೆ ಹಾಳೆಯನ್ನು ಎಳೆದುಕೊಂಡು ಬಂದ. ಇನ್ನೊಂದು ರೆಕ್ಕೆಗೆ ಅದು ಸಾಲುತ್ತದೆಯೇ ಎಂದು ಅವನ ಪ್ರಶ್ನೆ. ಒದ್ದೆಯದು ಆಗದು, ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಒಣಗಬೇಕು ಎಂದೆ.