ಉಕಾಸಿ ಬೆಟ್ಟದ ರೋಮಶ ನೊಣ

ಕೀನ್ಯಾ ದೇಶದ ಉಕಾಸಿ ಬೆಟ್ಟದಲ್ಲಿ, ಒಂದು ಬಂಡೆಯ ಬಿರುಕಿನೊಳಗೆ, ಬಾವಲಿಗಳ ಹಿಕ್ಕೆಯನ್ನೇ ಸಂತಾನದ ತೊಟ್ಟಿಲನ್ನಾಗಿ ಮಾಡಿಕೊಂಡು ಬಾಳುವ ಅಪೂರ್ವವಾದ ನೊಣವೊಂದಿದೆ. 1933ರಲ್ಲಿ ಮೊದಲು ಸಂಗ್ರಹಿಸಲ್ಪಟ್ಟು, 1936ರಲ್ಲಿ ಮಾರ್ಮೊಟೊಮಿಯಾ ಹಿರ್ಸುಟಾ ಎಂಬ ನಾಮಧೇಯವನ್ನು ಪಡೆದ ಈ ಜೀವಿ, 1948ರಲ್ಲಿ ಮತ್ತೊಮ್ಮೆ ದೊರೆತ ತರುವಾಯ ಅರುವತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ ವಿಜ್ಞಾನಿಗಳಿಗೆ ಅಗೋಚರವಾಗಿದ್ದು, 2010ರಲ್ಲಿ ಕೋಪ್ಲೆಂಡ್ ಮತ್ತು ಕರ್ಕ್-ಸ್ಪ್ರಿಗ್ಸ್ ಎಂಬ ಕೀಟಶಾಸ್ತ್ರಜ್ಞರಿಗೆ ಅದೇ ಬಿರುಕಿನಲ್ಲಿ ಪುನಃ ಲಭಿಸಿತು. ಮೈತುಂಬ ರೋಮ, ಜೇಡಕ್ಕಿರುವಂತಹ ನೀಳವಾದ ಕಾಲುಗಳು, ತೀರ ಸಣ್ಣದಾದ ಕಣ್ಣುಗಳು, ಹಾರಲು ಬಾರದಷ್ಟು ಕುಗ್ಗಿದ ರೆಕ್ಕೆಗಳು. ಅದರ ಕುಟುಂಬದಲ್ಲಿ ಅದಲ್ಲದೆ ಅನ್ಯ ಪ್ರಭೇದವೇ ಇಲ್ಲ.

ಕುರೂಪವೆಂದು ಮುಖ ತಿರುಗಿಸುವವರು ಉಂಟು. ನನಗಾದರೋ ಇದು ಸೃಷ್ಟಿಯ ಅತ್ಯಂತ ಗೌರವಾರ್ಹ ಸಾಹಸಗಳಲ್ಲೊಂದೆಂದು ತೋರುತ್ತದೆ. ಬಾವಲಿಗಳು ರಾತ್ರಿಯ ಆಕಾಶದಿಂದ ಗಳಿಸಿ ತಂದುದು ಹಿಕ್ಕೆಯಾಗಿ ಕೆಳಗುದುರಿ, ಮರಿಹುಳುಗಳಿಗೆ ಆಹಾರವಾಗುತ್ತದೆ. ಹೊಗೆಯಿಂದಲೋ ಗದ್ದಲದಿಂದಲೋ ಬೆದರಿ ಬಾವಲಿಗಳು ಆ ನೆಲೆಯನ್ನು ತೊರೆದುವಾದರೆ, ಅವುಗಳನ್ನು ಹಿಂಬಾಲಿಸಿ ಹಾರಲು ಈ ನೊಣಕ್ಕೆ ರೆಕ್ಕೆಯ ಬಲವಿಲ್ಲ.

ವನ್ಯಜೀವಿ ಸಂರಕ್ಷಣೆಯೆಂದೊಡನೆ ಆನೆ, ಸಿಂಹ, ಖಡ್ಗಮೃಗಗಳನ್ನಷ್ಟೇ ನೆನೆಯುವ ಅಭ್ಯಾಸವು ಸಾಲದು. ಬಂಡೆಯನ್ನು ಸಿಡಿಸುವುದಕ್ಕಾಗಲಿ ಗುಹೆಯನ್ನು ಪ್ರವಾಸಿಗಳಿಗೆ ತೆರೆಯುವುದಕ್ಕಾಗಲಿ ಅನುಮತಿ ನೀಡುವ ಮುನ್ನ, ಬಾವಲಿಗಳನ್ನೂ ಅವುಗಳ ಹಿಕ್ಕೆಯನ್ನಾಶ್ರಯಿಸಿದ ಕ್ಷುದ್ರಜೀವಿಗಳನ್ನೂ ತಜ್ಞರು ಪರಿಶೀಲಿಸಿ ದಾಖಲಿಸುವುದನ್ನು ಎಲ್ಲ ಸರಕಾರಗಳೂ ಕಡ್ಡಾಯಗೊಳಿಸಬೇಕು.