ರಕ್ತವೊಂದೇ ಕಾರಣವೇ? ಪಂದ್ಯದ ಕುದುರೆಯ ವಂಶವಾದಕ್ಕೆ ಒಂದು ಪ್ರತಿವಾದ

ಕಳೆದ ದಶಲಕ್ಷಣ ಪರ್ವದಲ್ಲಿ ಉತ್ತಮ ಮಾರ್ದವದ ದಿನ. ಕುಲಮದ, ಜಾತಿಮದ ಮೊದಲಾದ ಎಂಟು ಮದಗಳನ್ನು ತ್ಯಜಿಸಬೇಕೆಂಬ ಪ್ರವಚನವನ್ನು ಕೇಳಿ ಬಸದಿಯ ಜಗಲಿಯ ಮೇಲೆ ಕುಳಿತಿದ್ದೆ. ನನ್ನ ವ್ಯಾಪಾರಿ ಮಿತ್ರರೊಬ್ಬರ ಮಗ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಸುಶಿಕ್ಷಿತ ತರುಣ, ಪಕ್ಕದಲ್ಲಿ ಬಂದು ಕುಳಿತು ಹೀಗೆಂದ: “ಕಾಕಾ, ಪ್ರವಚನವೇನೋ ಚೆನ್ನಾಗಿತ್ತು. ಆದರೆ ಕುಲವೇ ಎಲ್ಲ ಎಂಬುದನ್ನು ರೇಸಿನ ಕುದುರೆಗಳನ್ನು ನೋಡಿ ತಿಳಿಯಬೇಕು. ನಾವು ನಾಲ್ವರು ಸ್ನೇಹಿತರು ಸೇರಿ ಒಂದು ಕುದುರೆಯಲ್ಲಿ ಪಾಲು ತೆಗೆದುಕೊಂಡಿದ್ದೇವೆ. ತಂದೆ ಯಾರು, ತಾಯಿ ಯಾರು ಎಂದು ನೋಡಿದರೆ ಸಾಕು, ಕುದುರೆಯ ಓಟವೂ ಗುಣವೂ ಗೊತ್ತಾಗುತ್ತವೆ. ಇದು ಜೂಜಲ್ಲ, ಶಾಸ್ತ್ರ.”

ಹಬ್ಬದ ದಿನ ಎಳೆಯರೊಡನೆ ವಾದಕ್ಕಿಳಿಯುವುದು ಉಚಿತವಲ್ಲವೆಂದು ಆಗ ಸುಮ್ಮನಾದೆ. ಆದರೆ ಇದೇ ಮಾತನ್ನು ಅನಂತರ ಇನ್ನೂ ಇಬ್ಬರು ಮೂವರು ಗೃಹಸ್ಥರ ಬಾಯಲ್ಲಿ ಕೇಳಿದ ಮೇಲೆ ಮೌನವು ಸಮ್ಮತಿಯಾದೀತೆಂಬ ಶಂಕೆ ಹುಟ್ಟಿತು. ಆದುದರಿಂದ ಈ ಲೇಖನ. ನಾನು ಪಶುವೈದ್ಯನಲ್ಲ, ನಲವತ್ತು ವರ್ಷ ಜಮಾಖರ್ಚಿನ ಪುಸ್ತಕ ಬರೆದವನು. ಆ ಕಣ್ಣಿನಿಂದಲೇ ಈ ವಂಶವಾದದ ಲೆಕ್ಕವನ್ನು ಪರಿಶೀಲಿಸಿದ್ದೇನೆ. ಲೆಕ್ಕ ತಾಳೆಯಾಗುವುದಿಲ್ಲ.

ರಕ್ತಕ್ಕೆ ಸಲ್ಲಬೇಕಾದುದು

ಮೊದಲು ಪೂರ್ವಪಕ್ಷಕ್ಕೆ ನ್ಯಾಯ ಸಲ್ಲಿಸೋಣ. ಪಂದ್ಯಗಳಲ್ಲಿ ಓಡುವ ಥರೋಬ್ರೆಡ್ ತಳಿಯು ಇಂಗ್ಲೆಂಡಿನಲ್ಲಿ, 17ನೆಯ ಶತಮಾನದ ಕೊನೆಯಿಂದ 18ನೆಯ ಶತಮಾನದವರೆಗಿನ ಅವಧಿಯಲ್ಲಿ ರೂಪುಗೊಂಡಿತು. 1680ರ ದಶಕದ ಬಯರ್ಲಿ ಟರ್ಕ್, 1704ರಲ್ಲಿ ಸಿರಿಯದ ಅಲೆಪ್ಪೊ ನಗರದಿಂದ ಬಂದ ಡಾರ್ಲಿ ಅರೇಬಿಯನ್, 1730ರ ಸುಮಾರಿನ ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಗಂಡುಕುದುರೆಗಳನ್ನು ಈ ತಳಿಯ ಮೂಲಪುರುಷರೆಂದು ಎಣಿಸುತ್ತಾರೆ. 1791ರಲ್ಲಿ ಜೇಮ್ಸ್ ವೆದರ್ಬಿ ಎಂಬವರು ಜನರಲ್ ಸ್ಟಡ್ ಬುಕ್ ಎಂಬ ವಂಶಾವಳಿಯ ಗ್ರಂಥವನ್ನು ಪ್ರಕಟಿಸಿದರು. ಅಂದಿನಿಂದ ಪ್ರತಿಯೊಂದು ಮರಿಯ ತಂದೆತಾಯಿಗಳೂ ದಾಖಲಾಗುತ್ತ ಬಂದಿದ್ದಾರೆ. ಇಷ್ಟು ದೀರ್ಘವೂ ಕ್ರಮಬದ್ಧವೂ ಆದ ವಂಶಾವಳಿ ಬಹುಮಟ್ಟಿಗೆ ಮನುಷ್ಯರಿಗೂ ಇಲ್ಲ.

ಈ ಆಯ್ಕೆಯಿಂದ ಫಲ ದೊರೆತಿರುವುದೂ ನಿಜ. 2010ರಲ್ಲಿ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಎಮೆಲೀನ್ ಹಿಲ್ ಮತ್ತು ಅವರ ಸಹೋದ್ಯೋಗಿಗಳು, ಸ್ನಾಯುಗಳ ಬೆಳವಣಿಗೆಯನ್ನು ನಿಯಂತ್ರಿಸುವ ಮಯೊಸ್ಟಾಟಿನ್ ಎಂಬ ಜೀನಿನ ಭೇದಗಳಿಗೂ ಕುದುರೆಗೆ ಒಗ್ಗುವ ಪಂದ್ಯದ ದೂರಕ್ಕೂ ಸಂಬಂಧವಿದೆಯೆಂದು ತೋರಿಸಿಕೊಟ್ಟರು. ಒಂದು ಬಗೆಯ ಜೀನನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದ ಕುದುರೆ ಕಡಮೆ ದೂರದ ವೇಗಕ್ಕೆ ತಕ್ಕುದು. ಇನ್ನೊಂದು ಬಗೆಯನ್ನು ಇಬ್ಬರಿಂದಲೂ ಪಡೆದುದು ದೀರ್ಘ ದೂರಕ್ಕೆ. ಒಂದೊಂದನ್ನು ಪಡೆದುದು ನಡುವಣ ದೂರಕ್ಕೆ. ಸ್ವಭಾವದ ವಿಷಯದಲ್ಲಿಯೂ ಜಪಾನಿನ ಸಂಶೋಧಕರು 2005ರಲ್ಲಿ, ಮಿದುಳಿನ ಡೋಪಮೈನ್ ಗ್ರಾಹಕಕ್ಕೆ ಸಂಬಂಧಿಸಿದ ಜೀನಿನ ಒಂದು ಭೇದಕ್ಕೂ ಕುದುರೆಯ ಕುತೂಹಲ ಮತ್ತು ಎಚ್ಚರಿಕೆಯ ಗುಣಗಳಿಗೂ ನಂಟನ್ನು ಕಂಡರು.

ಆದುದರಿಂದ ರಕ್ತಕ್ಕೆ ಪಾತ್ರವೇ ಇಲ್ಲವೆಂದು ವಾದಿಸುವುದು ಇನ್ನೊಂದು ಏಕಾಂತವಾದೀತು. ರಕ್ತವು ಒಂದು ನಿಮಿತ್ತ; ಅದನ್ನು ಒಪ್ಪುತ್ತೇನೆ. ಅದೊಂದೇ ನಿಮಿತ್ತವೆನ್ನುವುದನ್ನು ಮಾತ್ರ ಒಪ್ಪಲಾರೆ.

ಪೇಟೆಯ ಸಾಕ್ಷ್ಯ

ವಂಶವನ್ನು ನೋಡಿದ ಮಾತ್ರಕ್ಕೆ ಸಾಮರ್ಥ್ಯ ತಿಳಿಯುವುದಾದರೆ, ಅದನ್ನು ಬಲ್ಲ ಶ್ರೀಮಂತರು ಎಂದೂ ಮೋಸಹೋಗಬಾರದಾಗಿತ್ತು. ನಡೆದುದೇನು? 1764ರಲ್ಲಿ ಹುಟ್ಟಿದ ಎಕ್ಲಿಪ್ಸ್ ಎಂಬ ಕುದುರೆ ಓಡಿದ 18 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಅದರ ತಂದೆ ಮಾರ್ಸ್ಕ್. ಯಜಮಾನನು ತೀರಿಕೊಂಡಾಗ ಈ ಮಾರ್ಸ್ಕನ್ನು ಅಲ್ಪ ಬೆಲೆಗೆ ಮಾರಿಬಿಟ್ಟಿದ್ದರು. ಮಗನು ಗೆದ್ದ ಮೇಲೆ ತಂದೆಯ ಬೆಲೆ ಏರಿತು. ಮಾರ್ಸ್ಕನ ರಕ್ತ ಮೊದಲು ಯಾವುದಾಗಿತ್ತೋ ಅನಂತರವೂ ಅದೇ ಆಗಿತ್ತು. ಫಲವನ್ನು ಕಂಡ ಮೇಲೆ ಬೀಜವನ್ನು ಹೊಗಳುವುದು ಭವಿಷ್ಯಜ್ಞಾನವಲ್ಲ.

ಇದು ಹಳೆಯ ಕಾಲದ ಮಾತೆನ್ನುವವರು ಕೆನಡಾದ ನಾರ್ದರ್ನ್ ಡ್ಯಾನ್ಸರ್‌ನ ಕಥೆಯನ್ನು ಕೇಳಬೇಕು. 1961ರಲ್ಲಿ ಹುಟ್ಟಿದ ಈ ಗಿಡ್ಡ ಕುದುರೆಯನ್ನು ಒಂದು ವರ್ಷದ ಮರಿಯಾಗಿದ್ದಾಗ 25,000 ಡಾಲರಿಗೆ ಮಾರಾಟಕ್ಕಿಟ್ಟರೆ ಕೊಳ್ಳುವವರೇ ಬರಲಿಲ್ಲ. 1964ರಲ್ಲಿ ಅದು ಅಮೆರಿಕದ ಕೆಂಟಕಿ ಡರ್ಬಿಯನ್ನು ಗೆದ್ದಿತು. ಮುಂದೆ ಬೀಜದ ಕುದುರೆಯಾಗಿ ಪ್ರಸಿದ್ಧವಾಗಿ, 1980ರ ದಶಕದಲ್ಲಿ ಅದರೊಡನೆ ಒಂದು ಹೆಣ್ಣುಕುದುರೆಯನ್ನು ಒಮ್ಮೆ ಕೂಡಿಸಲು ತೆರುವ ಶುಲ್ಕ ಹತ್ತು ಲಕ್ಷ ಡಾಲರಿಗೆ ಮುಟ್ಟಿತು. ಅದರ ಮಕ್ಕಳಲ್ಲಿ ನಿಜಿನ್ಸ್ಕಿ 1970ರಲ್ಲಿ ಇಂಗ್ಲೆಂಡಿನ ಮೂರು ಮಹಾಪಂದ್ಯಗಳನ್ನೂ ಗೆದ್ದಿತು. ಇನ್ನೊಂದು ಮಗ ಸ್ನಾಫಿ ಡ್ಯಾನ್ಸರ್. 1983ರಲ್ಲಿ ಇದು ಮರಿಯಾಗಿದ್ದಾಗಲೇ ಒಂದು ಕೋಟಿ ಎರಡು ಲಕ್ಷ ಡಾಲರಿಗೆ ಮಾರಾಟವಾಯಿತು. ಅದು ಒಂದು ಪಂದ್ಯದಲ್ಲಿಯೂ ಓಡಲಿಲ್ಲ; ಸಂತಾನಕ್ಕೂ ಒದಗಲಿಲ್ಲವೆಂಬಷ್ಟು ಅದರ ಫಲವತ್ತತೆ ಕಡಮೆಯಾಗಿತ್ತು. 2006ರಲ್ಲಿ ಒಂದು ಕೋಟಿ ಅರವತ್ತು ಲಕ್ಷ ಡಾಲರಿಗೆ ಹೋದ ಗ್ರೀನ್ ಮಂಕಿ ಎಂಬ ಕುದುರೆ ಮೂರು ಬಾರಿ ಓಡಿತು, ಒಮ್ಮೆಯೂ ಗೆಲ್ಲಲಿಲ್ಲ. ಇತ್ತ 1975ರಲ್ಲಿ ಹುಟ್ಟಿ 1,100 ಡಾಲರಿಗೆ ಮಾರಾಟವಾದ ಜಾನ್ ಹೆನ್ರಿ ಅರವತ್ತೈದು ಲಕ್ಷ ಡಾಲರಿಗೂ ಮಿಕ್ಕು ಗಳಿಸಿ, 1981 ಮತ್ತು 1984ರಲ್ಲಿ ಎರಡು ಬಾರಿ ಅಮೆರಿಕದ ವರ್ಷದ ಶ್ರೇಷ್ಠ ಕುದುರೆಯೆನಿಸಿತು.

ಇವು ಅಪವಾದಗಳೆಂದು ತಳ್ಳಿಹಾಕುವವರಿಗೆ ಒಟ್ಟು ಲೆಕ್ಕವೂ ಇದೆ. 2008ರಲ್ಲಿ ಅಲಸ್ಟೇರ್ ವಿಲ್ಸನ್ ಮತ್ತು ಆಂಡ್ರೂ ರಾಂಬೌ ಎಂಬ ವಿಜ್ಞಾನಿಗಳು ಪಂದ್ಯದ ಕುದುರೆಗಳ ಜೀವಮಾನದ ಗಳಿಕೆಯನ್ನು ವಿಶ್ಲೇಷಿಸಿದರು. ಕುದುರೆ ಕುದುರೆಗೂ ಗಳಿಕೆಯಲ್ಲಿರುವ ವ್ಯತ್ಯಾಸದಲ್ಲಿ ಸುಮಾರು ನೂರಕ್ಕೆ ಹತ್ತು ಪಾಲು ಮಾತ್ರ ಆನುವಂಶಿಕ. ಉಳಿದುದೆಲ್ಲ ಇತರ ಕಾರಣಗಳಿಂದ. ದುಬಾರಿ ತಂದೆಯ ಮಕ್ಕಳು ಹೆಚ್ಚು ಗಳಿಸುತ್ತವೆಯೇನೋ ಹೌದು. ಆದರೆ ದುಬಾರಿ ಶುಲ್ಕ ತೆರಬಲ್ಲವನು ಉತ್ತಮ ಲಾಯ, ಉತ್ತಮ ತರಬೇತಿ, ಉತ್ತಮ ಜಾಕಿಗಳಿಗೂ ಹಣ ತೆರಬಲ್ಲನು. ಧಣಿಯ ಹಣದ ಚೀಲ ಮಾಡಿದ ಕೆಲಸವನ್ನು ಕುದುರೆಯ ರಕ್ತದ ಖಾತೆಗೆ ಜಮಾ ಮಾಡುವುದು ತಪ್ಪು ಲೆಕ್ಕ.

ಇನ್ನೊಂದು ಸರಳ ಗಣಿತವನ್ನು ಓದುಗರು ತಾವೇ ಮಾಡಿ ನೋಡಬಹುದು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಆ ಸಾಲಿನಲ್ಲಿ ಪೂರ್ವಜರ ಸ್ಥಾನಗಳು 1,024. ಅದರಲ್ಲಿ ಒಂದು ಸ್ಥಾನದಲ್ಲಿ ಪ್ರಸಿದ್ಧ ಹೆಸರಿದೆಯೆಂದು ಬೀಗುವವನು ಉಳಿದ 1,023 ಸ್ಥಾನಗಳನ್ನು ಮರೆತಿದ್ದಾನೆ.

ಸ್ವಭಾವವೆಂಬ ಅಪವಾದ

ಸಾಮರ್ಥ್ಯದ ಮಾತು ಹಣದ ಮಾತು, ಕಳೆದುಕೊಳ್ಳುವವನು ಧಣಿ. ಸ್ವಭಾವದ ವಿಷಯದಲ್ಲಿ ವಂಶವಾದದ ಪೆಟ್ಟು ಬೀಳುವುದು ಮೂಕಪ್ರಾಣಿಯ ಮೇಲೆ.

ಅಮೆರಿಕದಲ್ಲಿ ಹೇಸ್ಟಿಂಗ್ಸ್ ಎಂಬ ಕುದುರೆ ಉಗ್ರಸ್ವಭಾವಕ್ಕೆ ಕುಖ್ಯಾತವಾಗಿತ್ತು. ಅದರ ಮಗ ಫೇರ್ ಪ್ಲೇ ಕೂಡ ಮುಂಗೋಪಿ. ಫೇರ್ ಪ್ಲೇಯ ಮಗ, 1917ರಲ್ಲಿ ಹುಟ್ಟಿದ ಮ್ಯಾನ್ ಓ’ ವಾರ್, 21 ಪಂದ್ಯಗಳಲ್ಲಿ 20 ಗೆದ್ದ ಮಹಾಶ್ವ; ಅದನ್ನು ಪಳಗಿಸುವುದೂ ಸುಲಭವಾಗಿರಲಿಲ್ಲ. ವಂಶವಾದಿಗಳು ಇಲ್ಲಿಗೆ ಕಥೆಯನ್ನು ನಿಲ್ಲಿಸುತ್ತಾರೆ. ನಾವು ಮುಂದುವರಿಸೋಣ. ಇದೇ ಮ್ಯಾನ್ ಓ’ ವಾರ್‌ನ ಮೊಮ್ಮಗ, 1933ರಲ್ಲಿ ಹುಟ್ಟಿದ ಸೀಬಿಸ್ಕಿಟ್. ಎರಡು ವರ್ಷದ ಎಳೆಯ ವಯಸ್ಸಿನಲ್ಲಿಯೇ ಅದನ್ನು 35 ಬಾರಿ ಓಡಿಸಿದರು. ಸೋಮಾರಿಯೆಂಬ ಹೆಸರನ್ನೂ ಕೊಟ್ಟರು. 1936ರಲ್ಲಿ 8,000 ಡಾಲರಿಗೆ ಅದನ್ನು ಕೊಂಡ ಹೊಸ ಯಜಮಾನನ ತರಬೇತುದಾರ ಟಾಮ್ ಸ್ಮಿತ್ ಮಾಡಿದುದಿಷ್ಟು: ಚೆನ್ನಾಗಿ ಉಣಿಸಿದ, ನಿದ್ರಿಸಲು ಬಿಟ್ಟ, ಲಾಯದಲ್ಲಿ ಒಂಟಿತನ ಕಾಡದಂತೆ ಪಂಪ್‌ಕಿನ್ ಎಂಬ ಸಾಧು ಕುದುರೆಯನ್ನು ಜೊತೆಗಿರಿಸಿದ. 1938ರ ನವೆಂಬರ್ 1ರಂದು ನಡೆದ ಇಬ್ಬರ ಪಂದ್ಯದಲ್ಲಿ ಸೀಬಿಸ್ಕಿಟ್ ಸೋಲಿಸಿದುದು ಮತ್ತಾರನ್ನೂ ಅಲ್ಲ, ಮ್ಯಾನ್ ಓ’ ವಾರ್‌ನ ಸಾಕ್ಷಾತ್ ಮಗನಾದ ವಾರ್ ಅಡ್ಮಿರಲ್‌ನನ್ನು. 1936ಕ್ಕೆ ಮೊದಲೂ ಅನಂತರವೂ ಸೀಬಿಸ್ಕಿಟ್‌ನ ಮೈಯಲ್ಲಿ ಹರಿಯುತ್ತಿದ್ದುದು ಒಂದೇ ರಕ್ತ. ಬದಲಾದುದು ಮನುಷ್ಯನ ನಡವಳಿಕೆ.

ಕುದುರೆ ಹುಲ್ಲುಗಾವಲಿನಲ್ಲಿ ಹಿಂಡಾಗಿ ಬದುಕುವ ಪ್ರಾಣಿ. ದಿನದ ಬಹುಪಾಲು ಮೇಯುತ್ತಲೇ ಇರುವಂತೆ ಅದರ ಜಠರ ರಚಿತವಾಗಿದೆ. ಅದನ್ನು ದಿನವಿಡೀ ಲಾಯದಲ್ಲಿ ಒಂಟಿಯಾಗಿ ಕೂಡಿಹಾಕಿ, ಹುಲ್ಲನ್ನು ಕಡಮೆ ಮಾಡಿ ಕಾಳನ್ನು ಹೆಚ್ಚಿಸಿದರೆ ಏನಾದೀತು? ತರಬೇತಿಯಲ್ಲಿರುವ ಥರೋಬ್ರೆಡ್ ಕುದುರೆಗಳಲ್ಲಿ ಬಹುಪಾಲಿಗೆ ಜಠರದಲ್ಲಿ ಹುಣ್ಣುಗಳಿರುವುದನ್ನು ಪಶುವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಮರದ ಅಡ್ಡಪಟ್ಟಿಯನ್ನು ಹಲ್ಲಿನಿಂದ ಹಿಡಿದು ಗಾಳಿ ಎಳೆಯುವುದು, ನಿಂತಲ್ಲೇ ಅತ್ತಿತ್ತ ತೂಗಾಡುವುದು ಇಂಥ ಬಂಧನದಲ್ಲಿ ಕಾಣುವ ಲಕ್ಷಣಗಳು. ಹೊಟ್ಟೆಯಲ್ಲಿ ಹುಣ್ಣಿರುವ ಪ್ರಾಣಿ ಜೀನು ಬಿಗಿಯುವಾಗ ಕಚ್ಚಿದರೆ “ಇದರ ತಂದೆಯೂ ಹೀಗೆಯೇ” ಎನ್ನುತ್ತಾರೆ. ರಕ್ತವನ್ನು ದೂರಿದೊಡನೆ ಲಾಯದ ಬಾಗಿಲನ್ನು ತೆರೆಯುವ ಹೊಣೆ ತಪ್ಪಿತು! ವಂಶವಾದದ ನಿಜವಾದ ಉಪಯೋಗ ಇದೇ: ಮಾರುವಾಗ ಬೆಲೆ ಏರಿಸಲು, ಸಾಕುವಾಗ ಹೊಣೆ ಜಾರಿಸಲು.

ಅಹಿಂಸಾಣುವ್ರತಕ್ಕೆ ನಮ್ಮ ಆಚಾರ್ಯರು ಹೇಳಿರುವ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಲಾಯ, ಚಾವಟಿ, ಬೀಜ ಒಡೆಯುವುದು, ಹೆಚ್ಚು ಗೆದ್ದ ಕುದುರೆಗೆ ಹೆಚ್ಚು ತೂಕ ಹೊರಿಸುವ ಪಂದ್ಯದ ಪದ್ಧತಿ, ಓಟಕ್ಕೆ ಮುನ್ನ ಮೇವನ್ನು ಹಿಡಿಯುವುದು. ಓದುಗರೇ ತಾಳೆ ನೋಡಲಿ.

ಒಂದೇ ಬಾವಿಯ ನೀರು

ವಂಶಪೂಜೆಯು ವಂಶವನ್ನಾದರೂ ಉಳಿಸಿತೇ? ಅದೂ ಇಲ್ಲ. 2001ರಲ್ಲಿ ಪ್ರಕಟವಾದ ಡಬ್ಲಿನ್ನಿನ ಅಧ್ಯಯನವೊಂದರಂತೆ ಇಂದಿನ ಥರೋಬ್ರೆಡ್ ಗಂಡುಸಂತಾನದ ಶೇಕಡಾ 95ರಷ್ಟು ಒಂದೇ ಮೂಲಪುರುಷನಿಗೆ, ಡಾರ್ಲಿ ಅರೇಬಿಯನ್‌ಗೆ, ಸೇರುತ್ತದೆ. 2020ರಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಕುದುರೆಗಳನ್ನು ಪರೀಕ್ಷಿಸಿದ ಇನ್ನೊಂದು ಅಧ್ಯಯನವು ರಕ್ತಸಂಬಂಧದೊಳಗಣ ಸಂತಾನ ದಶಕಗಳಿಂದ ಹೆಚ್ಚುತ್ತಿದೆಯೆಂದು ತಿಳಿಸಿತು. ಅವುಗಳಲ್ಲಿ ಶೇಕಡಾ 97ರಷ್ಟು ಕುದುರೆಗಳ ವಂಶಾವಳಿಯಲ್ಲಿ ನಾರ್ದರ್ನ್ ಡ್ಯಾನ್ಸರ್ ಇದ್ದಾನೆ! ಗೆದ್ದ ಕುದುರೆಯೂ ಅವನ ಸಂತಾನ, ಕೊನೆಯಲ್ಲಿ ಬಂದುದೂ ಅವನ ಸಂತಾನ. ಎಲ್ಲರ ಮನೆಯಲ್ಲೂ ಇರುವ ನಾಣ್ಯದಿಂದ ಶ್ರೀಮಂತನನ್ನು ಗುರುತಿಸುವುದು ಹೇಗೆ?

ಈ ಇಕ್ಕಟ್ಟನ್ನು ಕಂಡು ಅಮೆರಿಕದ ಜಾಕಿ ಕ್ಲಬ್ 2020ರಲ್ಲಿ ಒಂದು ನಿಯಮ ಮಾಡಿತು: ಆ ವರ್ಷದಿಂದೀಚೆಗೆ ಹುಟ್ಟಿದ ಗಂಡುಕುದುರೆಯೊಡನೆ ವರ್ಷಕ್ಕೆ 140ಕ್ಕಿಂತ ಹೆಚ್ಚು ಹೆಣ್ಣುಕುದುರೆಗಳನ್ನು ಕೂಡಿಸಬಾರದು. ದೊಡ್ಡ ತಳಿಗಾರರು ನ್ಯಾಯಾಲಯದ ಮೆಟ್ಟಿಲೇರಿದರು. 2022ರಲ್ಲಿ ನಿಯಮವನ್ನು ಹಿಂತೆಗೆದುಕೊಂಡರು. ರಕ್ತದ ಶುದ್ಧಿಯನ್ನು ಸಾರುವವರೇ ರಕ್ತದ ಆರೋಗ್ಯಕ್ಕೆ ಅಡ್ಡಬಂದರು. ಅಪರಿಗ್ರಹವಿಲ್ಲದ ಜ್ಞಾನ ಎಲ್ಲಿ ಮುಟ್ಟುತ್ತದೆಂಬುದಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ.

ನಮ್ಮ ಹೊಣೆ

ಈಗ ನಮ್ಮ ತರುಣನ ಮಾತಿಗೆ ಬರುತ್ತೇನೆ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿನ ಪ್ರಕರಣವೊಂದರಲ್ಲಿ ಕುದುರೆಪಂದ್ಯವು ಪ್ರಧಾನವಾಗಿ ಕೌಶಲದ ಆಟವೆಂದು ತೀರ್ಪಿತ್ತುದು ನಿಜ. ಕಾನೂನು ಶಿಕ್ಷೆಯ ಗಡಿಯನ್ನು ಹೇಳುತ್ತದೆ. ವ್ರತವು ಶ್ರಾವಕನ ಗಡಿಯನ್ನು ಹೇಳುತ್ತದೆ. ದ್ಯೂತವನ್ನು ಸಪ್ತವ್ಯಸನಗಳಲ್ಲಿ ಮೊದಲನೆಯದಾಗಿ ಎಣಿಸಿದವರು ಅದರಲ್ಲಿ ಕೌಶಲವಿಲ್ಲವೆಂದು ಹೇಳಿಲ್ಲ. ಹಣದಾಸೆಗೆ ಕೌಶಲದ ವೇಷ ಸುಲಭವಾಗಿ ಒಪ್ಪುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು.

ಕುದುರೆಯಿಂದ ಕುಲಮದವನ್ನು ಕಲಿಯಬೇಕೆಂಬ ಮಾತಂತೂ ನಿಲ್ಲುವುದೇ ಇಲ್ಲ. ಮುನ್ನೂರು ವರ್ಷ ಒಂದೇ ಗುಣಕ್ಕಾಗಿ ಆಯ್ದು, ಪ್ರತಿಯೊಂದು ಕೂಡುವಿಕೆಯನ್ನೂ ಬರೆದಿಟ್ಟ ತಳಿಯಲ್ಲಿಯೇ ಕುಲವು ಇಷ್ಟು ಸಣ್ಣ ಪಾಲಿಗೆ ಸಾಕ್ಷಿಯಾಗುವುದಾದರೆ, ಅಂಥ ಯಾವ ದಾಖಲೆಯೂ ಇಲ್ಲದ ನಮ್ಮ ಮನೆತನಗಳು ಕುದುರೆಯನ್ನು ಸಾಕ್ಷಿಗೆ ಕರೆಯದಿರುವುದೇ ಲೇಸು.

ಮೊನ್ನೆ ಅದೇ ತರುಣ ನಮ್ಮ ಅಂಗಡಿಗೆ ಬಂದಿದ್ದ. “ಹಾಗಾದರೆ ನಾನೇನು ಮಾಡಲಿ ಕಾಕಾ?” ಎಂದು ಕೇಳಿದ. ಕಾಗದವೊಂದನ್ನು ತೆಗೆದು ಲೆಕ್ಕ ಬರೆದು ತೋರಿಸಿದೆ. ಪಂದ್ಯದ ಕುದುರೆಯ ಓಟ ಸಾಮಾನ್ಯವಾಗಿ ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ. ಆಯುಷ್ಯ ಇಪ್ಪತ್ತೈದು ವರ್ಷಕ್ಕೂ ಮೀರಬಹುದು. ಉಳಿದ ಸುಮಾರು ಇಪ್ಪತ್ತು ವರ್ಷಗಳ ಮೇವು, ಲಾಳ, ಔಷಧಗಳ ಖರ್ಚು ನಿಮ್ಮ ನಾಲ್ವರ ಪುಸ್ತಕದಲ್ಲಿ ಯಾವ ಪುಟದಲ್ಲಿದೆ ಎಂದು ಕೇಳಿದೆ. ಅಂಥ ಪುಟವಿರಲಿಲ್ಲ. ಪಾಲನ್ನು ಇನ್ನೊಬ್ಬನಿಗೆ ಮಾರಿ ಕೈತೊಳೆದುಕೊಳ್ಳಬೇಡ; ಪಣ ಕಟ್ಟುವುದನ್ನು ಬಿಡು, ಆ ಒಂದು ಜೀವದ ಕೊನೆಯವರೆಗಿನ ಹೊಣೆಯನ್ನು ಬರೆದುಕೊಡು ಎಂದೆ. ಯೋಚಿಸುವೆನೆಂದು ಹೇಳಿ ಹೋಗಿದ್ದಾನೆ.

ನಮ್ಮ ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಒಂದು ವಿನಂತಿ. ಮೂರನೆಯ ತೀರ್ಥಂಕರರಾದ ಸಂಭವನಾಥರ ಲಾಂಛನ ಕುದುರೆ. ಹಾಲು ಕೊಡದ, ಭಾರ ಹೊರಲಾರದ ಜೀವಗಳಿಗೆ ಪಿಂಜರಾಪೋಲ್‌ಗಳನ್ನು ಕಟ್ಟಿದ ಪರಂಪರೆ ನಮ್ಮದು. ಬೆಂಗಳೂರು, ಮೈಸೂರುಗಳ ಪಂದ್ಯದ ಮೈದಾನಗಳಿಂದ ನಿವೃತ್ತವಾಗುವ ಒಂದೆರಡು ಕುದುರೆಗಳಿಗಾದರೂ ನಮ್ಮ ಗೋಶಾಲೆಗಳಲ್ಲಿ ನೆಲೆ ದೊರೆಯಲಿ. ಬರುವ ಕುದುರೆಯ ತಂದೆ ಯಾರೆಂದು ಅಲ್ಲಿ ಕೇಳಬೇಕಾಗಿಲ್ಲ. ಅದಕ್ಕೆ ಹಲ್ಲುಗಳು ಎಷ್ಟು ಉಳಿದಿವೆ, ಹುಲ್ಲನ್ನು ಎಷ್ಟು ಸಣ್ಣಗೆ ಕತ್ತರಿಸಿ ಹಾಕಬೇಕು ಎಂಬುದನ್ನು ನೋಡಿದರೆ ಸಾಕು.