ರಬ್ಬರಿಗೂ ಮುಪ್ಪುಂಟು

ಕಳೆದ ಶ್ರಾವಣದಲ್ಲಿ ನಾವು ತಂಗಿಯ ಮನೆಗೆ ಹೋಗಿದ್ದೆವು. ಪ್ರಸಾದದ ಹೊತ್ತು ಮೀರಿದರೂ ಒಲೆಯ ಮೇಲಿನ ಕುಕ್ಕರು ಸೀಟಿ ಹಾಕಲೊಲ್ಲದು; ಮುಚ್ಚಳದ ಅಂಚಿನಿಂದ ಹಬೆ ಸೋರುತ್ತಿತ್ತು. ತಂಗಿಯು ಗ್ಯಾಸ್ಕೆಟ್ಟನ್ನು ತೆಗೆದು ಫ್ರಿಜ್ಜಿನ ಮೇಲ್ಖಾನೆಯಲ್ಲಿಟ್ಟು, "ಹತ್ತು ನಿಮಿಷ ತಡೀರಿ ಅಣ್ಣಾರ, ಬಿಗಿ ಆಗ್ತದ" ಎಂದಳು. ಬಿಗಿಯಾಯಿತು, ಬೇಳೆಯೂ ಬೆಂದಿತು. ಆದರೆ ಆ ಉಂಗುರವನ್ನು ಮಡಿಸಿ ನೋಡಿದಾಗ ಕೂದಲೆಳೆಯಂಥ ಬಿರುಕುಗಳು ಕಂಡವು. "ವರ್ಷಗಟ್ಟಲೆ ಮೊಳೆಗೆ ತೂಗಹಾಕಿದ್ದೆ, ಬಳಸೇ ಇಲ್ಲ" ಎಂದು ಅವಳಿಗೆ ಅಚ್ಚರಿ. ಬಳಸದ ವಸ್ತು ಸವೆಯದೆಂಬ ನಂಬಿಕೆಯು ರಬ್ಬರಿನ ಮಟ್ಟಿಗೆ ಸಲ್ಲದು.

ರಬ್ಬರಿನ ಅಣುಗಳು ಉದ್ದನೆಯ ಎಳೆಗಳು. ಎಳೆದರೆ ನೀಳವಾಗಿ, ಬಿಟ್ಟರೆ ಮರಳಿ ಸುರುಳಿಗೊಳ್ಳುತ್ತವೆ. ಮರದ ಹಾಲಿನಿಂದಾದ ಹಸಿ ರಬ್ಬರು ಸೆಕೆಗೆ ಅಂಟಾಗುತ್ತದೆ, ಚಳಿಗೆ ಸೆಟೆಯುತ್ತದೆ. 1839ರಲ್ಲಿ ಅಮೆರಿಕೆಯ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕವನ್ನು ಬೆರೆಸಿ ಕಾಯಿಸಿದಾಗ, ಎಳೆಗಳ ನಡುವೆ ಗಂಟುಗಳು ಬಿದ್ದು ರಬ್ಬರು ಬಾಳಿಕೆಗೆ ಬಂದಿತು. ಈಗಿನ ಗ್ಯಾಸ್ಕೆಟ್ಟುಗಳಲ್ಲಿ ಅನೇಕವು ಕೃತಕ ರಬ್ಬರಿನವಾದರೂ ಗಂಟಿನ ತತ್ತ್ವ ಅದೇ. ವಿಚಿತ್ರವೆಂದರೆ, ರಬ್ಬರನ್ನು ಬದುಕಿಸಿದ ಗಂಟೇ ಅದರ ಮುಪ್ಪಿಗೂ ಕಾರಣ. ಒಲೆಯ ಕಾವೂ ಗಾಳಿಯ ಆಮ್ಲಜನಕವೂ ಸೇರಿ ಕೆಲವೆಡೆ ಎಳೆಗಳನ್ನು ಕಡಿಯುತ್ತವೆ. ಅಲ್ಲಿ ರಬ್ಬರು ಅಂಟಂಟಾಗುತ್ತದೆ. ಕೆಲವೆಡೆ ಹೊಸ ಗಂಟುಗಳು ಬಿದ್ದು ಗಡಸಾಗುತ್ತದೆ. ಮುಚ್ಚಳದಡಿ ಅದುಮಿಕೊಂಡಿರುವಾಗಲೇ ಹೊಸ ಗಂಟು ಬಿದ್ದರೆ, ಉಂಗುರವು ಆ ಚಪ್ಪಟೆ ಆಕಾರದಲ್ಲಿಯೇ ನಿಂತುಬಿಡುತ್ತದೆ. ತಂಪಿಗೆ ತುಸು ಕುಗ್ಗಿ ಬಿರುಸಾದರೂ ಅದು ಆ ಹೊತ್ತಿನ ಉಪಾಯ ಮಾತ್ರ.

ಗಾಳಿಯಲ್ಲಿ ಅತ್ಯಲ್ಪವಾಗಿರುವ ಓಝೋನ್ ಇನ್ನೊಂದು ಶತ್ರು. ಅದು ರಬ್ಬರು ಬಾಗಿ ಜಗ್ಗಿರುವಲ್ಲಿಯೇ ಬಿರುಕು ಹುಟ್ಟಿಸುತ್ತದೆ. ಮೊಳೆಗೆ ತೂಗಹಾಕಿದ ಉಂಗುರವು ಮೊಳೆಯ ಬಳಿಯೇ ಸೀಳುವುದು ಇದರಿಂದ. ಜಿಡ್ಡು ತೊಳೆದು, ಒರೆಸಿ, ಬೆಳಕು ಬೀಳದ ತಂಪಿನಲ್ಲಿ ಸಪಾಟಾಗಿ ಇಡುವುದು ಲೇಸು.

ಕುಕ್ಕರು ಕೆಟ್ಟರೆ ಒಂದು ಊಟ ತಡವಾದೀತು. ನಮಗೆ ಕಳವಳವಾದುದು ಅದರ ಪಕ್ಕದ ಗ್ಯಾಸಿನ ಪೈಪನ್ನು ಕಂಡಾಗ. ಅಂದಕ್ಕೆಂದು ಅದಕ್ಕೆ ಹೂವಿನ ಬಟ್ಟೆಯ ಗವಸು ಹೊಲಿದಿದ್ದರು! ಬಿರುಕು ಬಿಟ್ಟರೂ ಕಾಣುವ ಬಗೆಯಿಲ್ಲ. ಗವಸು ಸರಿಸಿ ಅಚ್ಚಾದ ಇಸವಿಯನ್ನು ಓದಿದೆವು. ಎಂಟು ವರ್ಷ ಕಳೆದಿದ್ದವು. ನಮ್ಮಲ್ಲಿ ಸುರಕ್ಷಾ ಪೈಪನ್ನು ಐದು ವರ್ಷಕ್ಕೆ ಬದಲಿಸಬೇಕೆಂಬ ನಿಯಮವಿದೆ. ಮೈ ನುಣುಪಾಗಿದ್ದರೂ ಬದಲಿಸತಕ್ಕದ್ದೇ. ಸಿಲಿಂಡರಿನ ಬಾಯೊಳಗೂ ಕಿರಿದಾದೊಂದು ರಬ್ಬರಿನ ಉಂಗುರವುಂಟು. ಸಿಲಿಂಡರು ತಂದವರ ಮುಂದೆಯೇ ಅದನ್ನು ಪರೀಕ್ಷಿಸಿಕೊಳ್ಳಬೇಕು, ಸಂಕೋಚ ಬೇಡ.

ಅಡಿಗೆಯ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದೇ ದುರ್ವಾಸನೆಯ ದ್ರವ್ಯ ಬೆರೆಸಿರುತ್ತಾರೆ. ಗಾಳಿಗಿಂತ ಭಾರವಾದುದರಿಂದ ಅದು ನೆಲದ ಮೇಲೆ ಹರಡಿ ನಿಲ್ಲುತ್ತದೆ. ವಾಸನೆ ಬಂದೊಡನೆ ದೀಪದ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ರೆಗ್ಯುಲೇಟರು ಬಂದುಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನು ಮಾಡಬೇಕು.

ಮರುದಿನ ಬೆಳಿಗ್ಗೆಯೇ ಅಳಿಯನು ಹೊಸ ಪೈಪನ್ನೂ ಗ್ಯಾಸ್ಕೆಟ್ಟನ್ನೂ ತಂದನು. ತಂಗಿಯು ಹಳೆಯ ಉಂಗುರವನ್ನು "ಇರಲಿ, ಅಡಚಣಿಗೆ ಆಗ್ತದ" ಎಂದು ಪುನಃ ಮೊಳೆಗೇ ತೂಗಹಾಕಿದಳು. ನಾವು ಅದನ್ನು ಕತ್ತರಿಯಿಂದ ಎರಡು ತುಂಡು ಮಾಡಿಯೇ ಊರಿಗೆ ಹೊರಟೆವು.